ಶಿಲುಬೆಯ ಹಿಂದೆ ಆರು ಊರು

ಕ್ರೊಯೇಷಿಯಾದ ಜನ ಈಸ್ಟರ್ ಹಬ್ಬವನ್ನು ಸಾಮಾನ್ಯವಾಗಿ ‘ಉಸ್ಕರ್ಸ್’ ಎನ್ನುತ್ತಾರೆ. ಮೃತನು ಮರಳಿ ಏಳುವುದು ಎಂಬುದು ಅದರ ಅರ್ಥ. ಉತ್ತರದ ಹಳ್ಳಿಗಳಲ್ಲಿ ‘ವುಜೆಮ್’ ಎಂಬ ಇನ್ನೊಂದು ಹಳೆಯ ಹೆಸರೂ ಉಂಟು. ಅದು ‘ತೆಗೆದುಕೊಳ್ಳು’ ಎಂಬ ಧಾತುವಿನಿಂದ ಬಂದದ್ದು. ದೀರ್ಘ ಉಪವಾಸದ ಬಳಿಕ ಮಾಂಸವನ್ನು ಮತ್ತೆ ತೆಗೆದುಕೊಳ್ಳುವ ದಿನವೆಂದು ಅದನ್ನು ವಿವರಿಸುತ್ತಾರೆ. ಒಂದು ಹೆಸರು ಗುಡಿಯದು, ಇನ್ನೊಂದು ಅಡುಗೆಮನೆಯದು. ಆ ನಾಡಿನಲ್ಲಿದ್ದ ವರ್ಷಗಳಲ್ಲಿ ನನಗೆ ಮೊದಲು ಪರಿಚಯವಾದದ್ದು ಅಡುಗೆಮನೆಯ ಹಬ್ಬವೇ.

ಈರುಳ್ಳಿಯ ಸಿಪ್ಪೆಯನ್ನು ನೀರಿಗೆ ಹಾಕಿ, ಅದರಲ್ಲಿ ಮೊಟ್ಟೆಗಳನ್ನು ಕೆಂಗಂದು ಬಣ್ಣಕ್ಕೆ ಬೇಯಿಸುತ್ತಾರೆ. ಬೇಯಿಸುವ ಮೊದಲೇ ಒಂದು ಚಿಕ್ಕ ಎಲೆಯನ್ನು ಮೊಟ್ಟೆಗೆ ಒತ್ತಿ ಬಟ್ಟೆಯಲ್ಲಿ ಬಿಗಿದಿದ್ದರೆ, ಎಲೆಯ ನರಗಳೆಲ್ಲ ಬಿಳಿಯಾಗಿ ಉಳಿದುಕೊಳ್ಳುತ್ತವೆ. ಈ ಮೊಟ್ಟೆ, ಹಂದಿಯ ತೊಡೆಮಾಂಸ, ಮೂಗಿಗೇರುವ ಖಾರದ ಒಂದು ಬೇರು, ಸಿಹಿರೊಟ್ಟಿ, ಇವನ್ನೆಲ್ಲ ಬುಟ್ಟಿಯಲ್ಲಿಟ್ಟು ಚರ್ಚಿಗೆ ಒಯ್ದು ಮಂತ್ರಿಸಿಕೊಂಡು ತರುತ್ತಾರೆ. ಹಬ್ಬದ ಬೆಳಗ್ಗೆ ಮೊಟ್ಟೆಗೆ ಮೊಟ್ಟೆ ಕುಟ್ಟುವ ಪಂದ್ಯ. ಒಡೆಯದ ಮೊಟ್ಟೆಯವನೇ ಗೆದ್ದವನು. ಈ ಕದನದಲ್ಲಿ ಅಜ್ಜಂದಿರು ಮೊಮ್ಮಕ್ಕಳಿಗಿಂತ ಹಟಮಾರಿಗಳು!

ಆದರೆ ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು ಏಡ್ರಿಯಾಟಿಕ್ ಸಮುದ್ರದ ಹ್ವಾರ್ ದ್ವೀಪದ ಮಾತು. ಅಲ್ಲಿ ಪವಿತ್ರ ಗುರುವಾರ ರಾತ್ರಿ ಹತ್ತು ಗಂಟೆಗೆ ಯೆಲ್ಸಾ, ಪಿಟ್ವೆ, ವ್ರಿಸ್ನಿಕ್, ಸ್ವಿರ್ಚೆ, ವರ್ಬಾನ್, ವರ್ಬೊಸ್ಕಾ ಎಂಬ ಆರು ಊರುಗಳಿಂದ ಆರು ಮೆರವಣಿಗೆಗಳು ಏಕಕಾಲಕ್ಕೆ ಹೊರಡುತ್ತವೆ. ಒಂದೊಂದೂ ಉಳಿದ ಐದು ಊರುಗಳನ್ನು ಸುತ್ತಿ, ಸುಮಾರು 25 ಕಿಲೋಮೀಟರ್ ನಡೆದು, ಎಂಟು ಗಂಟೆಗೂ ಮಿಕ್ಕ ಕಾಲದ ಮೇಲೆ ಶುಭ ಶುಕ್ರವಾರದ ಬೆಳಗಿನಲ್ಲಿ ತನ್ನೂರಿಗೆ ಮರಳುತ್ತದೆ. ಎಲ್ಲವೂ ಒಂದೇ ದಿಕ್ಕಿನಲ್ಲಿ ಸುತ್ತುವುದರಿಂದ ಒಂದು ಇನ್ನೊಂದಕ್ಕೆ ಎದುರಾಗುವುದಿಲ್ಲ. ಕತ್ತಲಲ್ಲಿ ದೂರದ ಗುಡ್ಡದ ಮೇಲೆ ಹರಿಯುವ ದೀಪಗಳ ಸಾಲನ್ನು ಕಂಡೇ ಅವರೂ ನಡೆಯುತ್ತಿದ್ದಾರೆಂದು ತಿಳಿಯಬೇಕು. ಭಾರವಾದ ಶಿಲುಬೆಯನ್ನು ಹೊತ್ತವನು ಬರಿಗಾಲಲ್ಲಿ, ಇಲ್ಲವೇ ಕಾಲುಚೀಲದಲ್ಲಿ ನಡೆಯುತ್ತಾನೆ. ಹಿಂದೆ ಇದು ಪಾಪಪರಿಹಾರಕ್ಕಾಗಿ ಮಾಡುತ್ತಿದ್ದ ಕಾರ್ಯ; ಇಂದು ಈ ಗೌರವಕ್ಕಾಗಿ ಇಪ್ಪತ್ತು ವರ್ಷ ಮೊದಲೇ ಹೆಸರು ಗೊತ್ತುಮಾಡುವುದುಂಟು. ಯೆಲ್ಸಾದ ಶಿಲುಬೆ ಹೊತ್ತವನಂತೂ, ಇರುಳೆಲ್ಲ ನಡೆದ ಕಾಲುಗಳಲ್ಲೇ, ಕೊನೆಯ ನೂರು ಮೀಟರು ಓಡಿ ತನ್ನ ಪಾದ್ರಿಯ ಮುಂದೆ ಮಂಡಿಯೂರುತ್ತಾನೆ.

ದಾರಿಯ ಚರ್ಚುಗಳಲ್ಲಿ ಗಾಯಕರು ಮಾತೆ ಮರಿಯಳ ಪ್ರಲಾಪವನ್ನು ಹಾಡುತ್ತಾರೆ. ಹದಿನೈದನೆಯ ಶತಮಾನದ ಈ ಹಾಡು ಲ್ಯಾಟಿನ್ನಿನಲ್ಲಿಲ್ಲ, ಎಂಟೆಂಟು ಅಕ್ಷರಗಳ ದೇಸಿ ಸಾಲುಗಳಲ್ಲಿದೆ. ರೋಮಿನ ಪೂಜಾವಿಧಿಯನ್ನೇ ಸ್ಲಾವ್ ನುಡಿಯಲ್ಲಿ ನಡೆಸಲು ಈ ಕರಾವಳಿಯ ಸೆನ್ಯ್ ಪಟ್ಟಣದ ಬಿಷಪರಿಗೆ ಪೋಪ್ ನಾಲ್ಕನೆಯ ಇನೊಸೆಂಟ್ 1248ರಷ್ಟು ಹಿಂದೆಯೇ ಅನುಮತಿಯಿತ್ತಿದ್ದರು. ಮಗನನ್ನು ಕಳೆದುಕೊಂಡ ತಾಯಿ ಅಳುವುದು ಮನೆಮಾತಿನಲ್ಲಿ ತಾನೆ?

ಈ ಪದ್ಧತಿಗೆ ಐನೂರು ವರ್ಷಗಳ ವಯಸ್ಸೆಂದು ದ್ವೀಪದವರ ಎಣಿಕೆ. 1510ರಲ್ಲಿ ಹ್ವಾರ್ ಪಟ್ಟಣದ ಒಂದು ಮನೆಯಲ್ಲಿದ್ದ ಚಿಕ್ಕ ಶಿಲುಬೆಮೂರ್ತಿ ರಕ್ತ ಸುರಿಸಿತೆಂಬ ಸುದ್ದಿ ಹಬ್ಬಿತು. ಅದೇ ವರ್ಷ ವರ್ಬಾನಿನ ಮಾತಿಯಾ ಇವಾನಿಚ್ ಎಂಬವನ ಮುಂದಾಳುತನದಲ್ಲಿ ಸಾಮಾನ್ಯ ಪ್ರಜೆಗಳು ಶ್ರೀಮಂತರ ವಿರುದ್ಧ ದಂಗೆಯೆದ್ದರು. ದ್ವೀಪವನ್ನಾಳುತ್ತಿದ್ದ ವೆನಿಸ್ 1514ರಲ್ಲಿ ಆ ದಂಗೆಯನ್ನು ಅಡಗಿಸಿತು. ಮೆರವಣಿಗೆಯನ್ನು ಈ ರಕ್ತದ ಕಥೆಗೆ ಜೋಡಿಸುವವರಿದ್ದಾರೆ. ಪವಾಡದ ಮಾತು ಭಕ್ತರಿಗಿರಲಿ. ನನಗೆ ಕಾಣುವುದು ಇಷ್ಟು: ಸೋತ ರೈತರ ಊರುಗಳೇ ಈ ಮೆರವಣಿಗೆಯನ್ನು ಉಳಿಸಿಕೊಂಡಿವೆ, ಮತ್ತು ಅದನ್ನು ನಡೆಸುವವರು ಪಾದ್ರಿಗಳಲ್ಲ, ಊರವರು.

ಎರಡನೆಯ ಮಹಾಯುದ್ಧದಲ್ಲಿ ಈ ಕರಾವಳಿಯ ಸುಮಾರು ಮೂವತ್ತು ಸಾವಿರ ಜನ ನಿರಾಶ್ರಿತರಾಗಿ ಈಜಿಪ್ಟಿನ ಸಿನಾಯ್ ಮರುಭೂಮಿಯ ಎಲ್ ಷಾಟ್ ಶಿಬಿರ ಸೇರಿದರು. 1944ರಿಂದ 1946ರವರೆಗೆ ಗುಡಾರಗಳಲ್ಲೇ ಅವರ ಬಾಳು. ಹ್ವಾರಿನವರು ಅಲ್ಲಿಯೂ, ಊರೂ ಗುಡ್ಡವೂ ಇಲ್ಲದ ಮರಳಿನಲ್ಲಿ, ಶಿಲುಬೆ ಹೊತ್ತು ನಡೆದರು. ಪರದೇಶದಲ್ಲಿ ಪಂಚಾಂಗ ನೋಡಿ ಯುಗಾದಿ ಮಾಡಿದ ನನ್ನಂಥವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. 2009ರಲ್ಲಿ ಯುನೆಸ್ಕೊ ಈ ಮೆರವಣಿಗೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 2020ರ ಸಾಂಕ್ರಾಮಿಕದ ವಸಂತದಲ್ಲಿ ದೇಶದ ಚರ್ಚುಗಳಲ್ಲಿ ಜನ ಸೇರುವುದು ನಿಂತಿದ್ದಾಗಲೂ ಇದಕ್ಕೆ ವಿಶೇಷ ಅನುಮತಿ ದೊರೆಯಿತು. ಸಮಾನತೆಯ ಹೆಸರಿನಲ್ಲಿ ಅದನ್ನು ಆಕ್ಷೇಪಿಸಿದವರೂ ಇದ್ದರು. ಆ ರಾತ್ರಿ ಊರಿಗೆ ಹದಿನೈದು ಜನರಂತೆ, ಆರು ಊರುಗಳಿಂದಲೂ ಹೊರಟರು.