ಭಾಷಾಕ್ಷೇತ್ರಗಳು ಮತ್ತು ಲಿಂಗಭೇದ
ಮಾತನಾಡಲು ನೆರವಾಗುವ ಬ್ರೋಕಾ ಕ್ಷೇತ್ರ, ಅರ್ಥಗ್ರಹಣಕ್ಕೆ ಸಂಬಂಧಿಸಿದ ವರ್ನಿಕೆ ಕ್ಷೇತ್ರ ಎರಡೂ ಬಹುಪಾಲು ಹೆಂಗಸರಲ್ಲೂ ಗಂಡಸರಲ್ಲೂ ಮಿದುಳಿನ ಎಡ ಅರ್ಧಗೋಳದಲ್ಲಿವೆ. 1995ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಶೇವಿಟ್ಸ್ ದಂಪತಿಯ ತಂಡ 19 ಗಂಡಸರಿಗೂ 19 ಹೆಂಗಸರಿಗೂ ಅರ್ಥವಿಲ್ಲದ ಪದಗಳ ಪ್ರಾಸ ಗುರುತಿಸಲು ಹೇಳಿ, ಎಂಆರ್‌ಐ ಯಂತ್ರದಲ್ಲಿ ಮಿದುಳಿನ ಚಟುವಟಿಕೆಯನ್ನು ಗಮನಿಸಿತು. ಗಂಡಸರಲ್ಲಿ ಮುಂಭಾಗದ ಹಾಲೆಯ ಎಡಬದಿ ಚುರುಕಾಯಿತು. 11 ಹೆಂಗಸರಲ್ಲಿ ಎರಡೂ ಬದಿ. ಉಳಿದ 8 ಹೆಂಗಸರು ಗಂಡಸರಂತೆಯೇ ಇದ್ದರೆಂಬುದನ್ನು ಮರೆಯಬಾರದು. ಹೆಣ್ಣು ಇಡೀ ಮಿದುಳಿನಿಂದ ಮಾತಾಡುತ್ತಾಳೆಂಬ ಜನಪ್ರಿಯ ನಂಬಿಕೆಗೆ ಈ ಪುಟ್ಟ ಪ್ರಯೋಗ ಬಲ ಕೊಟ್ಟಿತು. ಅದು ಅವಸರದ ತೀರ್ಮಾನ. 2004ರಲ್ಲಿ ನೆದರ್ಲೆಂಡ್ಸಿನ ಐರಿಸ್ ಸೊಮ್ಮರ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಎಡ-ಬಲ ಹಂಚಿಕೆಯಲ್ಲಿ ಗಮನಾರ್ಹ ಲಿಂಗಭೇದ ಕಾಣಲಿಲ್ಲ. ಆದರೆ ಭಾಷೆಗೆ ಬಲ ಅರ್ಧಗೋಳವನ್ನು ಬಳಸುವ ಸಂಭವ ಎಡಗೈ ಬಳಸುವವರಲ್ಲಿ ಹೆಚ್ಚು.