ಮೈಸೂರಿನ ಜಾವಾ ಮತ್ತು ಅದರ ಶುದ್ಧಿದ್ರವ್ಯಗಳು

ಮಹಾನವಮಿಯ ಬೆಳಿಗ್ಗೆ ಮೈಸೂರು ಅರಮನೆಯ ಪಟ್ಟದ ಕತ್ತಿ ಮೊದಲಾದ ಆಯುಧಗಳನ್ನು ಕೋಡಿ ಸೋಮೇಶ್ವರನ ಗುಡಿಗೆ ಕೊಂಡೊಯ್ದು, ಅಲ್ಲಿ ತೊಳೆದು ಶುದ್ಧಿಮಾಡಿ, ಅನಂತರವೇ ಕಲ್ಯಾಣಮಂಟಪಕ್ಕೆ ತಂದು ಪೂಜಿಸುವುದು ಸಂಪ್ರದಾಯ. ಪೂಜೆಗೆ ಮುನ್ನ ಪ್ರಕ್ಷಾಲನವಾಗಬೇಕೆಂಬ ಈ ಕ್ರಮವು ಅರಮನೆಯೊಳಗೇ ಉಳಿದುದಲ್ಲ. ಒಕ್ಕಲಿಗನ ನೇಗಿಲಿಗೂ ಬಡಗಿಯ ಉಳಿಗೂ ಅದೇ ವಿಧಿ ಸಂದಿತು, ಮುಂದೆ ಸೈಕಲ್ಲು ಮೋಟಾರುಗಳು ಬಂದಾಗ ಅವಕ್ಕೂ ಸಂದಿತು. 1961ರಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯು ಜೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿಯಿಂದ 250 ಸಿಸಿಯ ಮೋಟಾರ್ ಸೈಕಲ್ ಬಂಡಿಗಳನ್ನು ತಯಾರಿಸಲಾರಂಭಿಸಿದ ಮೇಲೆ, ಟಾಂಗಾ ಸೈಕಲ್ಲುಗಳ ಊರಾಗಿದ್ದ ಮೈಸೂರಿನ ಮನೆಯಂಗಳಗಳಲ್ಲಿ ಹೊಸದೊಂದು ಗೃಹಕೃತ್ಯ ಹುಟ್ಟಿಕೊಂಡಿತು. ಬಂಡಿ 1973ರಲ್ಲಿ ಯೆಜ್ಡಿ ಎಂಬ ಹೆಸರು ತಳೆಯಿತು. ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಆ ಮೂವತ್ತೈದು ವರ್ಷಗಳಲ್ಲಿ ನಮ್ಮ ಜನ ಬಂಡಿಯನ್ನು ಯಾವುದರಿಂದ ತೊಳೆದರು, ಏಕೆ ತೊಳೆದರು ಎಂಬುದು ಸಣ್ಣ ವಿಷಯವೆಂದು ತೋರಬಹುದು; ಆದರೆ ಅದರಲ್ಲಿ ಲೋಹದ ಜ್ಞಾನವೂ ಕ್ಷಾರದ ಜ್ಞಾನವೂ ಅಡಗಿರುವುದರಿಂದ ವಿಚಾರಿಸಿ ನೋಡಲು ಅದು ಯೋಗ್ಯವಾಗಿದೆ.

ಬಂಡಿಯ ಮೈ ಒಂದೇ ವಸ್ತುವಿನದಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಅರಗು ಬಣ್ಣದ ಎನಾಮಲ್ ಲೇಪ, ಅದರ ಮೇಲೆ ಎಳೆದ ಚಿನ್ನದ ಬಣ್ಣದ ಸಣ್ಣ ಗೆರೆ, ಟ್ಯಾಂಕಿನ ಪಕ್ಕಗಳಲ್ಲಿ ಹೊಳೆಯುವ ಕ್ರೋಮು, ಎಂಜಿನ್ನಿನ ಅಲ್ಯೂಮಿನಿಯಮ್ಮು, ಕಡ್ಡಿಗಳ ಉಕ್ಕು, ಸೀಟಿನ ರೆಕ್ಸಿನ್ನು, ಟೈರಿನ ರಬ್ಬರು: ಇವುಗಳಲ್ಲಿ ಒಂದಕ್ಕೆ ಹಿತವಾದುದು ಇನ್ನೊಂದಕ್ಕೆ ವಿಷ. ಈ ಭೇದವನ್ನು ನಮ್ಮ ಮನೆಗಳಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಹಿತ್ತಾಳೆಗೆ ಹುಣಸೆಹಣ್ಣು, ಬೆಳ್ಳಿಬಂಗಾರಕ್ಕೂ ರೇಷ್ಮೆಗೂ ಅಂಟುವಾಳದ ನೊರೆ, ತಲೆಗೆ ಸೀಗೆಪುಡಿ, ಜಿಡ್ಡಿನ ಪಾತ್ರೆಗೆ ಬೂದಿ, ಅಗಸನ ಕೈಗೆ ಚೌಳುಮಣ್ಣು ಎಂದು ಒಂದೊಂದು ಕೊಳೆಗೂ ಒಂದೊಂದು ದ್ರವ್ಯವನ್ನು ವಿಂಗಡಿಸಿಕೊಂಡಿದ್ದ ಜನರೇ ಜಾವಾದ ಯಜಮಾನರಾದುದರಿಂದ, ಹಳೆಯ ವಿವೇಕ ಹೊಸ ಯಂತ್ರಕ್ಕೆ ತಾನಾಗಿಯೇ ಬಂದು ಕೂಡಿತು.

ಎಂಜಿನ್ನಿನ ಕೆಳಗೂ ಚಕ್ರದ ಗುಂಬದ ಸುತ್ತಲೂ ಗ್ರೀಸು ಮತ್ತು ಕೆಂಧೂಳು ಸೇರಿ ಗಟ್ಟಿಯಾದ ಜಿಡ್ಡಿಗೆ ಸೀಮೆಎಣ್ಣೆಯೇ ಮದ್ದು. ಎಣ್ಣೆಯ ಕೊಳೆ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗದು. ಮೆಕ್ಯಾನಿಕ್ಕನು ಡಬ್ಬಿಯಲ್ಲಿ ಸೀಮೆಎಣ್ಣೆ ತುಂಬಿಕೊಂಡು, ಹಳೆಯ ಬ್ರಷ್ಷನ್ನು ಅದ್ದಿ, ಎಂಜಿನ್ನಿನ ರೆಕ್ಕೆಗಳ ಸಂದುಗಳನ್ನು ಒಂದೊಂದಾಗಿ ಉಜ್ಜಿ, ಬನಿಯನ್ ಬಟ್ಟೆಯಿಂದ ಒರೆಸುತ್ತಿದ್ದನು. ರಬ್ಬರು ಸೀಮೆಎಣ್ಣೆಯಲ್ಲಿ ಉಬ್ಬುವುದನ್ನು ಬಲ್ಲವನಾದುದರಿಂದ ಟೈರಿನ ಕಡೆಗೂ, ಜಿಡ್ಡು ತಾಗಿದರೆ ಹಿಡಿತ ತಪ್ಪುವುದರಿಂದ ಬ್ರೇಕಿನ ಕಡೆಗೂ ಅದನ್ನು ಹರಿಯಗೊಡುತ್ತಿರಲಿಲ್ಲ. ಜಾವಾದ ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಓಡುತ್ತಿದ್ದುದರಿಂದ ಅದಕ್ಕೆ ಧೂಳಿನ ಬಾಧೆ ಕಡಮೆ. ಈ ಒಂದು ಉಪಕಾರಕ್ಕಾಗಿಯೇ ಆ ವಿನ್ಯಾಸಕಾರರನ್ನು ನಾನು ಮೆಚ್ಚುತ್ತೇನೆ.

ಆದರೆ ಜಾವಾದ ನಿಜವಾದ ಕೊಳೆ ಹೊರಗಿನದಲ್ಲ, ಒಳಗಿನದು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿಗೇ ಎಣ್ಣೆಯನ್ನು ಬೆರೆಸುವುದರಿಂದ, ಪೂರ್ತಿ ಸುಡದೆ ಉಳಿದ ಎಣ್ಣೆ ಮಸಿಯಾಗಿ ಎರಡು ಸೈಲೆನ್ಸರುಗಳ ಒಳಗೋಡೆಗೂ ಅವುಗಳ ಬಾಲದಲ್ಲಿರುವ ಬ್ಯಾಫಲ್ ಕೊಳವೆಗಳಿಗೂ ಮೆತ್ತಿಕೊಂಡು, ಹೊಗೆಗೆ ದಾರಿ ಕಿರಿದಾಗಿ, ಬಂಡಿ ಏರುಹಾದಿಯಲ್ಲಿ ಏದುಸಿರು ಬಿಡಲಾರಂಭಿಸುವುದು. ಆಗ ಬ್ಯಾಫಲನ್ನು ಕಳಚಿ ಬೆಂಕಿಯಲ್ಲಿ ಕಾಯಿಸಿ ಕರಿಯನ್ನು ಉದುರಿಸುವರು. ಸೈಲೆನ್ಸರಿನ ಒಂದು ಬಾಯಿಗೆ ಮರದ ಬೆಣೆ ಹೊಡೆದು, ಕಾಸ್ಟಿಕ್ ಸೋಡದ ದ್ರಾವಣವನ್ನು ಒಳಗೆ ಸುರಿದು, ರಾತ್ರಿಯೆಲ್ಲ ಹಾಗೆಯೇ ಬಿಟ್ಟು, ಮುಂಜಾನೆ ಬಿಸಿನೀರಿನಿಂದ ಗಲಬರಿಸುವರು. ಹೊರಬರುವ ನೀರು ಡಾಂಬರಿನ ಬಣ್ಣದ್ದು. ಸೋಡಕ್ಕೆ ನೀರು ಹೊಯ್ಯದೆ ನೀರಿಗೆ ಸೋಡವನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು, ಕಣ್ಣಿಗೆ ಸಿಡಿಯದಂತೆ ದೂರ ನಿಲ್ಲಬೇಕು, ಎಲ್ಲಕ್ಕೂ ಮಿಗಿಲಾಗಿ ಅದನ್ನು ಅಲ್ಯೂಮಿನಿಯಮ್ಮಿನ ಬಳಿ ತರಲೇಬಾರದು; ಉಕ್ಕಿಗೆ ಏನೂ ಮಾಡದ ಈ ಕ್ಷಾರವು ಅಲ್ಯೂಮಿನಿಯಮ್ಮನ್ನು ಗುಳ್ಳೆಯೆಬ್ಬಿಸಿ ತಿಂದುಹಾಕುತ್ತದೆ. ಈ ನಿಯಮಗಳನ್ನು ರಸಾಯನಶಾಸ್ತ್ರವನ್ನು ಓದದೆಯೇ ಪಾಲಿಸುತ್ತಿದ್ದ ಕೈಗಳಿಗೆ ನಮ್ಮ ಊರುಗಳು ಋಣಿಯಾಗಿವೆ.

ಕ್ರೋಮಿನ ವಿಷಯದಲ್ಲಿ ಮಾತ್ರ ಮನೆಯ ಜ್ಞಾನ ಸಾಲದಾಯಿತು. ಪಾತ್ರೆಯಂತೆ ಹೊಳೆಯುವುದರಿಂದ ಅದನ್ನೂ ಪಾತ್ರೆಯಂತೆಯೇ ಬೂದಿ ಇಟ್ಟಿಗೆಪುಡಿಗಳಿಂದ ತಿಕ್ಕಬಹುದೆಂದು ತೋರುವುದು ಸಹಜ. ಆದರೆ ಉಕ್ಕಿನ ಮೇಲಣ ನಿಕ್ಕಲ್ಲಿಗೆ ಹೊದಿಸಿದ ಕ್ರೋಮಿನ ಪದರ ಸಾಮಾನ್ಯವಾಗಿ ಒಂದು ಮೈಕ್ರಾನಿನಷ್ಟೂ ದಪ್ಪವಿರುವುದಿಲ್ಲ. ಅದು ಸವೆದ ಕಡೆ ತುಕ್ಕು ಚುಕ್ಕೆಚುಕ್ಕೆಯಾಗಿ ಮೇಲೇಳುವುದು, ಒಮ್ಮೆ ಎದ್ದ ತುಕ್ಕಿಗೆ ಮತ್ತೆ ಲೇಪ ಹಾಕಿಸುವುದಲ್ಲದೆ ಬೇರೆ ಉಪಾಯವಿಲ್ಲ. ಬ್ರಾಸೋ ಡಬ್ಬಿಯ ದ್ರವವೂ ಉಜ್ಜಿ ಹೊಳಪು ಕೊಡುವಂಥದೇ ಆದುದರಿಂದ ಅದನ್ನು ಅಪರೂಪಕ್ಕೆ, ಮೆತ್ತನೆಯ ಬಟ್ಟೆಯಲ್ಲಿ, ಹಗುರಾದ ಕೈಯಿಂದ ಬಳಸತಕ್ಕದ್ದು.

ಬಣ್ಣಕ್ಕೆ ಬಹುಕಾಲ ಬಟ್ಟೆ ಸೋಪಿನ ತುಂಡೇ ಗತಿಯಾಗಿದ್ದಿತು. ಬಯಲುಸೀಮೆಯ ಗಡಸುನೀರಿನಲ್ಲಿ ಸುಣ್ಣದ ಅಂಶ ಸೋಪಿನೊಡನೆ ಕೂಡಿ ಬಿಳಿಯ ಜಿಡ್ಡಾಗಿ ಬಣ್ಣದ ಮೇಲೆ ನಿಲ್ಲುತ್ತಿದ್ದುದರಿಂದ, 1959ರಲ್ಲಿ ಹೊರಬಂದ ಸರ್ಫ್ ಪುಡಿಯೂ 1969ರಲ್ಲಿ ಹೊರಬಂದ ಅಗ್ಗದ ನಿರ್ಮಾ ಪುಡಿಯೂ ಮನೆಗಳಿಗೆ ಬಂದಾಗ, ಎಂಥ ನೀರಿನಲ್ಲಾದರೂ ನೊರೆಯೇಳುವ ಅವುಗಳಿಗೆ ಜನ ಮನಸೋತುದರಲ್ಲಿ ಆಶ್ಚರ್ಯವಿಲ್ಲ. ಆದರೆ ನನ್ನ ದೃಷ್ಟಿಯಲ್ಲಿ ವಿವೇಚನೆ ಕುಂದಿದ್ದು ಆ ನೊರೆಯಿಂದಲೇ. ಬಟ್ಟೆಪುಡಿಯಲ್ಲಿರುವ ಸೋಡ ಬಟ್ಟೆಯ ಬೆವರಿಗೂ ಜಿಡ್ಡಿಗೂ ಉದ್ದೇಶಿಸಿದುದು. ಬಣ್ಣವನ್ನು ಕಾಯುವ ಮೇಣವನ್ನು ಅದು ಮೊದಲು ಕಿತ್ತೊಯ್ಯುವುದು, ಅಲ್ಯೂಮಿನಿಯಮ್ಮನ್ನು ಮಂಕಾಗಿಸುವುದು. ಟ್ಯಾಂಕು, ಎಂಜಿನ್ನು, ಸೀಟು, ಚಕ್ರ ಎಲ್ಲಕ್ಕೂ ಒಂದೇ ಬಕೆಟ್ಟಿನ ನೊರೆ ಎಂಬ ಅಭ್ಯಾಸ ಬೇರೂರಿದ ಮೇಲೆ, ಬೀದಿಬೀದಿಯ ವಾಟರ್ ಸರ್ವೀಸ್ ಅಂಗಡಿಗಳ ರಭಸದ ನೀರು ಅದಕ್ಕೆ ಜೊತೆಗೂಡಿ, ಧೂಳಿನೊಡನೆ ಬೇರಿಂಗಿನ ಗ್ರೀಸನ್ನೂ ಹೊರಗೆಳೆಯಿತು, ಸೈಲೆನ್ಸರಿನ ಬಾಯೊಳಗೂ ವೈರುಗಳ ಜೋಡಣೆಗಳೊಳಗೂ ನುಗ್ಗಿತು.

ಇಂದಿನ ಬಂಡಿಗಳ ಬಣ್ಣದ ಮೇಲೆ ಪಾರದರ್ಶಕ ಲೇಪವೊಂದಿರುವುದು. ಧೂಳಿರುವಾಗ ಒಣಬಟ್ಟೆಯಿಂದ ಒರೆಸಿದರೆ ಮರಳಿನ ಕಣಗಳು ಅದರ ಮೇಲೆ ಗೀರೆಳೆಯುವುದರಿಂದ ಮೊದಲು ನೀರು ಹೊಯ್ದು ಧೂಳನ್ನು ಇಳಿಸಬೇಕು. ಎಂಜಿನ್ನು ತಣಿದಿರಬೇಕು, ಬಂಡಿ ನೆರಳಿನಲ್ಲಿರಬೇಕು, ಕ್ಷಾರವಿಲ್ಲದ ವಾಹನದ ಶಾಂಪೂವಿನ ನೊರೆಗೆ ಒಂದು ಬಕೆಟ್ಟೂ ಬಟ್ಟೆ ಜಾಲಿಸಲು ಇನ್ನೊಂದೂ ಬೇರೆಬೇರೆ ಇರಬೇಕು, ಚಕ್ರ ಉಜ್ಜಿದ ಬಟ್ಟೆ ಟ್ಯಾಂಕನ್ನು ಮುಟ್ಟಬಾರದು. ರಬ್ಬರು ಉಂಗುರಗಳುಳ್ಳ ಈಗಿನ ಚೈನಿಗೆ ಪೆಟ್ರೋಲ್ ಕೂಡದು. ಕೊನೆಗೆ ಮೆತ್ತನೆಯ ಬಟ್ಟೆಯಲ್ಲಿ ಒರೆಸದೆ ಬಿಟ್ಟರೆ ಬೋರ್‌ವೆಲ್ ನೀರಿನ ಉಪ್ಪು ಹನಿಹನಿಯಾಗಿ ಕಲೆಯಾಗಿ ಉಳಿಯುವುದು.

2024ರ ಮಾರ್ಚ್ ತಿಂಗಳಲ್ಲಿ ಬರಗಾಲದ ಬಿಸಿ ತಟ್ಟಿದ ಬೆಂಗಳೂರಿನಲ್ಲಿ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವನ್ನು ವಿಧಿಸಿತು. ದಂಡದ ಭಯವಿಲ್ಲದ ಊರುಗಳಲ್ಲಿಯೂ ಓದುಗರು ಪೈಪನ್ನು ಬಿಟ್ಟು ಬಕೆಟ್ಟಿಗೆ ಮರಳಬೇಕೆಂದೂ, ಬಂಡಿಯನ್ನು ಕೆರೆಗೆ ಇಳಿಸಿ ತೊಳೆದು ಅದರ ಗ್ರೀಸು ಸೀಮೆಎಣ್ಣೆಗಳನ್ನು ದನಕರು ಕುಡಿಯುವ ನೀರಿಗೆ ಬೆರೆಸಬಾರದೆಂದೂ, ಬಟ್ಟೆಯ ಪುಡಿಯನ್ನು ಬಟ್ಟೆಗೇ ಮೀಸಲಿಡಬೇಕೆಂದೂ ಕೇಳಿಕೊಳ್ಳುತ್ತೇನೆ.