ಘಟ್ಟವೇರಿದ ಹಡಗಿನ ಮಾತುಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಎಲ್ಲಿಯೂ ಕಡಲಿಲ್ಲ. ಸಾಗರವೆಂಬ ಊರಿನ ಹೆಸರೂ ಕಡಲಿನದಲ್ಲ. ಕೆಳದಿಯ ಸದಾಶಿವನಾಯಕನು ಕಟ್ಟಿಸಿದ ಸದಾಶಿವಸಾಗರವೆಂಬ ಕೆರೆಯದು. ಹೀಗಿರುವಾಗ ದೇವಾಲಯದ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಹಾಯಿಹಡಗುಗಳ ಪ್ರಸ್ತಾಪವೇಕೆಂದು ವಾಚಕರು ಕೇಳಿದರೆ ಅದು ಸಹಜವೇ. ನಮ್ಮ ಮೆಣಸೂ ಮರವೂ ಇಳಿದುಹೋದ ದಾರಿಯಲ್ಲಿಯೇ ಹಡಗಿನ ಮಾತುಗಳು ಮೇಲೇರಿ ಬಂದವು, ನಮ್ಮ ದೇವಾಲಯದೊಳಗೂ ಬಂದು ನೆಲೆಸಿದವು ಎಂಬುದೇ ನಮ್ಮ ಉತ್ತರ.

ಆ ದಾರಿಯನ್ನು ತೆರೆದವಳು ಶರಾವತಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಮತ್ತು ಸಾಗರ ತಾಲ್ಲೂಕುಗಳನ್ನು ಹಾದು, ಜೋಗದಲ್ಲಿ ಧುಮುಕಿ, ಗೇರುಸೊಪ್ಪೆಯಿಂದ ದೋಣಿ ನಡೆಯುವಷ್ಟು ಶಾಂತಳಾಗಿ ಹೊನ್ನಾವರದಲ್ಲಿ ಕಡಲು ಸೇರುತ್ತಾಳೆ. ಘಟ್ಟದ ಮೇಲಿನಿಂದ ಹೇರೆತ್ತುಗಳ ಬೆನ್ನೇರಿ ಇಳಿದ ಮೆಣಸು ಗೇರುಸೊಪ್ಪೆಯಲ್ಲಿ ದೋಣಿಗೂ ಹೊನ್ನಾವರದಲ್ಲಿ ಹಡಗಿಗೂ ಏರುತ್ತಿತ್ತು. ಗೇರುಸೊಪ್ಪೆಯ ರಾಣಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದುದು ಸುಮ್ಮನೆ ಅಲ್ಲ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ, ವೆಂಕಟಪ್ಪನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ ಇದೇ ದಾರಿ ಹಿಡಿದು ಬಂದನು. ಗೋವೆಯಿಂದ ಹೊನ್ನಾವರಕ್ಕೆ ಹಡಗು, ಅಲ್ಲಿಂದ ಗೇರುಸೊಪ್ಪೆಗೆ ದೋಣಿ, ಆಮೇಲೆ ಘಟ್ಟದ ಏರು, ಕೊನೆಗೆ ಇಕ್ಕೇರಿ. ಸಾಗರ ಪೇಟೆಗೆ ಕೂಗಳತೆಯಲ್ಲಿರುವ ಇಕ್ಕೇರಿಯ ವಿವರ ಯೂರೋಪಿನವರಿಗೆ ತಲುಪಿದ್ದು ಆ ಪಯಣಿಗನ ಪತ್ರಗಳಿಂದ.

ಹಡಗು ಎಂಬ ಮಾತು ನಮ್ಮದೇ. ಹಳಗನ್ನಡದಲ್ಲಿ ಅದು ಪಡಗು. ಪಾಲು ಹಾಲಾದಂತೆ ಪಡಗು ಹಡಗಾಯಿತು. ತಮಿಳರು ಇಂದಿಗೂ ದೋಣಿಯನ್ನು ಪಡಗು ಎನ್ನುತ್ತಾರೆ. ಹಾಯಿ ಎಂಬುದರ ಕಥೆ ಇನ್ನೂ ಸೊಗಸಾಗಿದೆ. ಅದರ ಸೋದರ ಪದವಾದ ತಮಿಳಿನ ‘ಪಾಯ್’ ಎಂಬುದಕ್ಕೆ ಚಾಪೆ, ಹಾಯಿ ಎಂಬ ಎರಡು ಅರ್ಥಗಳೂ ಉಂಟು. ಬಟ್ಟೆಯ ಹಾಯಿಗಿಂತ ಮೊದಲು ಹೆಣೆದ ಚಾಪೆಯನ್ನೇ ಗಾಳಿಗೆ ಒಡ್ಡುತ್ತಿದ್ದ ಕಾಲವನ್ನು ಆ ಒಂದು ಪದ ಜೋಪಾನವಾಗಿ ಇಟ್ಟುಕೊಂಡಿದೆ.

ಅರಬ್ಬರೂ ಪಾರಸಿಕರೂ ಶತಮಾನಗಳ ಕಾಲ ನಮ್ಮ ಕರಾವಳಿಯೊಡನೆ ವ್ಯಾಪಾರ ನಡೆಸಿದವರು. ಬಂದರು, ಲಂಗರು ಪಾರಸಿಯಿಂದ ಬಂದವು. ಚುಕ್ಕಾಣಿ ಅರಬ್ಬರ ‘ಸುಕ್ಕಾನ್’. ಚುನಾವಣೆ ಮುಗಿದ ಮರುದಿನ ಅಧಿಕಾರದ ಚುಕ್ಕಾಣಿ ಯಾರಿಗೆಂದು ಪತ್ರಿಕೆಗಳು ಬರೆಯುವಾಗ ಆ ನಾವಿಕರನ್ನು ನೆನೆಯುವವರಿಲ್ಲ. ಮಾನ್ಸೂನ್ ಎಂಬುದೂ ಅರಬ್ಬಿಯ ‘ಮೌಸಿಮ್’, ಅಂದರೆ ಋತು. ಅದು ಪೋರ್ಚುಗೀಸರ ಬಾಯಲ್ಲಿ ರೂಪ ಬದಲಿಸಿ ಇಂಗ್ಲಿಷರನ್ನು ಸೇರಿತು. ಆಗುಂಬೆ, ಹುಲಿಕಲ್ಲುಗಳ ಮಳೆ ಕಂಡ ನಮಗೆ ಮಾನ್ಸೂನ್ ಎಂದರೆ ಮಳೆಯೇ. ನಾವಿಕನಿಗೆ ಅದು ಹಾಯಿ ಬಿಚ್ಚುವ, ಹಾಯಿ ಸುತ್ತಿಡುವ ಕಾಲದ ಲೆಕ್ಕ. ಮಳೆಗಾಲದಲ್ಲಿ ಬಂದರುಗಳು ಮುಚ್ಚಿರುತ್ತಿದ್ದವು. ಮಳೆ ಕಳೆದು ಅವು ತೆರೆದು, ಚಳಿಗಾಲ ಕಳೆಯುವ ಹೊತ್ತಿಗೆ ಮೇಲೆ ಮೆಣಸಿನ ಕೊಯ್ಲೂ ಆಗುತ್ತಿತ್ತು. ಗಾಳಿಗೂ ಬಳ್ಳಿಗೂ ಎಂಥ ಹೊಂದಾಣಿಕೆ!

1498ರಲ್ಲಿ ವಾಸ್ಕೊ ಡ ಗಾಮನ ಹಡಗುಗಳು ಕಾರವಾರದ ಬಳಿಯ ಅಂಜದೀವದಲ್ಲಿ ತಂಗಿ ತಳವನ್ನು ಶುಚಿಮಾಡಿಕೊಂಡವು. ಭಾರತ ತಲುಪಿದ ಅವನ ಮೂರು ಹಡಗುಗಳಲ್ಲಿ ಎರಡು ‘ನೌ’ ಜಾತಿಯವು, ಒಂದು ‘ಕರವೆಲ’. ನೌ ಎಂದರೆ ಎತ್ತರದ ಒಡಲಿನ, ಚೌಕ ಹಾಯಿಗಳ ದೊಡ್ಡ ಸರಕಿನ ಹಡಗು. ಕರವೆಲ ಚಿಕ್ಕದು, ಚುರುಕಾದುದು. ನಮ್ಮ ಕಡೆಯ ಅನೇಕ ಹಡಗುಗಳ ಹಲಗೆಗಳನ್ನಾದರೋ ಮೊಳೆ ಹೊಡೆಯದೆ ಕತ್ತದ ಹಗ್ಗದಿಂದ ಹೊಲಿಯುತ್ತಿದ್ದರು. ಆದರೆ ಮುಕ್ಕೋನದ ಹಾಯಿ ಎರಡೂ ಕಡೆಯವರಿಗೆ ಪರಿಚಿತವಾಗಿತ್ತು. ಉತ್ತರ ಯೂರೋಪಿನವರು ಅದನ್ನು ಮೆಡಿಟರೇನಿಯನ್ ಕಡಲಿನ ಲ್ಯಾಟಿನ್ ಜನರಲ್ಲಿ ಕಂಡು ‘ಲ್ಯಾಟಿನ್ ಹಾಯಿ’ ಎಂದರು. ಪೂಜೆಯ ಲ್ಯಾಟಿನ್ ಕೇಳಿ ಬೆಳೆದ ನಮ್ಮ ಹಿರಿಯರಿಗೆ ಹಾಯಿಗೂ ಒಂದು ಲ್ಯಾಟಿನ್ ಇದೆಯೆಂದು ತಿಳಿದಿದ್ದರೆ ನಗುತ್ತಿದ್ದರೇನೋ.

ಮಾತು ಕಡಲಿನಿಂದ ನೆಲಕ್ಕೆ ಮಾತ್ರ ಬಂದುದಲ್ಲ. ಪತ್ತೆಮಾರಿ ಎಂಬ ಚುರುಕಾದ ಹಾಯಿಹಡಗು ಕೊಂಕಣ, ಕೆನರಾ ಕರಾವಳಿಗಳಲ್ಲಿ ಹೆಸರಾದುದು. ಆ ಹೆಸರು ಮೊದಲು ಕಾಗದ ಹೊತ್ತು ಓಡುತ್ತಿದ್ದ ಕಾಲಾಳಿನದು. ಅವನ ವೇಗವೇ ಹಡಗಿಗೆ ಹೆಸರಾಗಿ ಇಳಿಯಿತು. ಅದಕ್ಕೆ ಪ್ರತಿಯಾಗಿ ಸರಕು ತುಂಬುವ ಮಂಜಿಯೂ ಮಚ್ವೆಯೂ ಇದ್ದವು. ‘ಗುರಾಬ್’ ಎಂಬ ಯುದ್ಧನೌಕೆಯ ಹೆಸರಿಗೆ ಅರಬ್ಬಿಯಲ್ಲಿ ಕಾಗೆ ಎಂದರ್ಥ.

ಮೆಣಸಿಗಿಂತ ಕಡಿಮೆ ನೆನಪಿರುವುದು ಮರ. ತೇಗಕ್ಕೆ ಇಂಗ್ಲಿಷಿನಲ್ಲಿರುವ ಹೆಸರು ಮಲೆಯಾಳದ ‘ತೇಕ್ಕು’ ಪೋರ್ಚುಗೀಸರ ಮೂಲಕ ಹೋದುದು. ಹಾಯಿ ಕಟ್ಟುವ ಕೂವೆಮರಕ್ಕೆ ಪಶ್ಚಿಮ ಘಟ್ಟದ ಸುರಹೊನ್ನೆ ಜಾತಿಯ ನೀಳ ಮರಗಳನ್ನು ಬಳಸುತ್ತಿದ್ದರು. ಹಡಗು ಕಟ್ಟುವ ಇಂಗ್ಲಿಷರು ಅದನ್ನು ‘ಪೂನ್’ ಎಂದರು. ನಮ್ಮ ಹಳೆಯ ‘ಪೊನ್ನೆ’ ಅದಕ್ಕೆ ದೂರದ ನೆಂಟನಲ್ಲ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಗೆ ಸಿಕ್ಕಿದ್ದು ಬರಿಯ ಖಜಾನೆಯಲ್ಲ. ಬಂದರುಗಳೂ ಅವುಗಳ ಬೆನ್ನಿಗಿದ್ದ ಈ ಕಾಡೂ ಕೈಸೇರಿದ ಮೇಲೆಯೇ ಅವನು ನೌಕಾಪಡೆಯನ್ನು ಕಟ್ಟಹೊರಟನು. 1796ರಲ್ಲಿ ಟಿಪ್ಪು ಸುಲ್ತಾನನು 40 ಯುದ್ಧನೌಕೆಗಳ ಯೋಜನೆ ಹಾಕಿದನು. 1799ರಲ್ಲಿ ಅವನ ರಾಜ್ಯವೇ ಮುಗಿದುದರಿಂದ ಆ ಪಡೆ ಕಡಲು ಕಾಣಲಿಲ್ಲ.

ಇನ್ನು ದೇವಾಲಯದ ಮಾತು. ಪಾದ್ರಿ, ಇಗರ್ಜಿ ಈ ಎರಡೂ ಪೋರ್ಚುಗೀಸರ ಹಡಗಿನಲ್ಲಿ ಬಂದ ಪದಗಳೆಂಬುದು ಸರ್ವವಿದಿತ. ಶಿವಪ್ಪನಾಯಕನು 1650ರ ದಶಕದಲ್ಲಿ ಅವರ ಕರಾವಳಿ ಕೋಟೆಗಳನ್ನು ಕಿತ್ತುಕೊಂಡನು. ಅನಂತರ 1678ರಲ್ಲಿ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ ಆದ ಒಪ್ಪಂದವು ಮಿರ್ಜಾನ್, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿಗಳನ್ನು ಕಟ್ಟಲು ಅವಕಾಶ ನೀಡಿತು. ಘಟ್ಟದ ಕೆಳಗಿನ ಆ ಇಗರ್ಜಿಗಳಿಗೆ ಅಪ್ಪಣೆ ಹೊರಟದ್ದು ಇಂದಿನ ಹೊಸನಗರ ತಾಲ್ಲೂಕಿನ ನಗರದಿಂದ, ಅಂದಿನ ಬಿದನೂರಿನಿಂದ ಎಂಬುದನ್ನು ನಮ್ಮ ಸಭೆಯ ಮಕ್ಕಳು ತಿಳಿದಿರಬೇಕು.

ದೇವಾಲಯದಲ್ಲಿ ಜನರು ಕುಳಿತುಕೊಳ್ಳುವ ನಡುಮಂಟಪಕ್ಕೆ ಲ್ಯಾಟಿನ್ನಿನಲ್ಲಿ ‘ನಾವಿಸ್’ ಎನ್ನುತ್ತಾರೆ. ಅದರ ನೇರ ಅರ್ಥ ಹಡಗು. ಪೋರ್ಚುಗೀಸರ ‘ನೌ’ ಅದರಿಂದಲೇ ಬಂದುದು. ಸಂಸ್ಕೃತದ ‘ನೌ’, ನಾವು ಆಡುವ ನಾವೆ, ನಾವಿಕ, ಗ್ರೀಕರ ‘ನಾಉಸ್’, ಹಡಗಿನ ಒಡೆಯನಿಗೆ ಪಾರಸಿಯಲ್ಲಿ ಹೇಳುವ ‘ನಾಖುದಾ’ ಎಂಬುದರ ಮೊದಲ ಅಕ್ಷರ, ಇವೆಲ್ಲ ಒಂದೇ ಬೇರಿನ ಚಿಗುರುಗಳು. ಗಾಮನ ಜನ ತಮ್ಮ ಹಡಗಿನ ಹೆಸರನ್ನು ಉಚ್ಚರಿಸಿದಾಗ ದಡದ ಮೇಲಿದ್ದ ಸಂಸ್ಕೃತ ಪಂಡಿತನಿಗೆ ಅದರ ಅರ್ಥ ಹೇಳಿಕೊಡಬೇಕಾಗಿರಲಿಲ್ಲ! 4ನೆಯ ಶತಮಾನದ ‘ಪ್ರೇಷಿತರ ಶಾಸನಗಳು’ ಎಂಬ ಗ್ರಂಥವು ದೇವಾಲಯವು ನೀಳವಾಗಿ ಹಡಗಿನಂತಿರಲಿ ಎನ್ನುತ್ತದೆ. ಅಲ್ಲಿ ಧರ್ಮಾಧ್ಯಕ್ಷರು ಹಡಗಿನ ನಾಯಕರು, ಉಪಯಾಜಕರು ನಾವಿಕರು, ಸಭೆಯವರು ಪಯಣಿಗರು. ಉಪಯಾಜಕರ ಕೆಲಸ ಪಯಣಿಗರನ್ನು ತಕ್ಕ ಸ್ಥಳದಲ್ಲಿ ಕೂರಿಸುವುದು. ಹಬ್ಬದ ದಿನ ಬಾಗಿಲಲ್ಲೇ ಗುಂಪಾಗಿ ನಿಲ್ಲುವ ತರುಣರ ಸಮಸ್ಯೆ ಆಗಲೂ ಇತ್ತೆಂದು ಕಾಣುತ್ತದೆ.

ಹಾಯಿಯ ಕಾಲ ಮುಗಿಯಿತು. 1865ರಿಂದ ಮಂಗಳೂರಿನಲ್ಲಿ ತಯಾರಾಗತೊಡಗಿದ ಹೆಂಚುಗಳನ್ನು ದೂರದ ಬಂದರುಗಳಿಗೆ ಒಯ್ದ ಮಂಜಿಗಳ ಜಾಗವನ್ನು ಎಂಜಿನ್ನೂ ಲಾರಿಯೂ ಹಿಡಿದವು. ಆದರೂ ಹಡಗಿನ ಒಂದು ಪದ ಸಾಗರ ತಾಲ್ಲೂಕಿನಲ್ಲಿ ನಿತ್ಯದ ಬಳಕೆಗೆ ಬಂದುದು ಆ ಮೇಲೆಯೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆ ತುಂಬಿದಾಗ ಊರುಗಳು ಮುಳುಗಿದವು. ಉಳಿದವು ಹಿನ್ನೀರಿನ ಆಚೆಗೆ ಸಿಕ್ಕಿಕೊಂಡವು. ಹೊಳೆಬಾಗಿಲು, ಹಸಿರುಮಕ್ಕಿ, ಮುಪ್ಪಾನೆಗಳಲ್ಲಿ ಜನರೂ ಬಸ್ಸುಗಳೂ ದಾಟಿದ್ದು ಲಾಂಚಿನಲ್ಲಿ. ರೋಗಿಯನ್ನು ಕರೆದುಕೊಂಡು ಬಂದವರಿಗೆ ಕೊನೆಯ ಲಾಂಚು ಹೊರಟುಹೋದ ಸಂಜೆ ಎಂಥದೆಂಬುದನ್ನು ತುಮರಿ ಕಡೆಯವರನ್ನೇ ಕೇಳಬೇಕು. ಈ ಲಾಂಚು ಪೋರ್ಚುಗೀಸರ ‘ಲಾಂಚ’. ಅವರು ಅದನ್ನು ಪಡೆದದ್ದು ವೇಗವೆಂಬ ಅರ್ಥದ ಒಂದು ಮಲಾಯ್ ಪದದಿಂದ ಎಂದು ಭಾಷಾವಿದರು ಹೇಳುತ್ತಾರೆ. 2025ರ ಜುಲೈಯಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಸೇತುವೆ ತೆರೆಯಿತು. ಸಿಗಂದೂರಿನ ದಾರಿಯಲ್ಲಿ ಈಗ ಬಸ್ಸು ನಿಲ್ಲದೆ ದಾಟುತ್ತದೆ.